ಬಾಡಿಗೆ ಮನೆಯ ಬಚ್ಚಲಿಗೆ ಗ್ಯಾಸ್ ಗೀಸರ್ ಬೇಡ

ಮಾನ್ಯ ಸಂಪಾದಕರೇ,

ದೀಪಾವಳಿ ಮುಗಿದು ಧಾರವಾಡದಲ್ಲಿ ಬೆಳಗಿನ ಥಂಡಿ ಹಿಡಿಯತೊಡಗಿತೆಂದರೆ, ಬಾಡಿಗೆ ಮನೆ ನೋಡಲು ಬಂದವರು ಕೇಳುವ ಪ್ರಶ್ನೆಗಳ ಕ್ರಮವೇ ಬದಲಾಗುತ್ತದೆ. ನಳದ ನೀರು ಎಷ್ಟು ದಿನಕ್ಕೊಮ್ಮೆ ಬರುತ್ತದೆ ಎಂಬುದನ್ನು ಕೇಳಿ ಮುಗಿಸಿದ ಕೂಡಲೇ ಅವರು ಬಚ್ಚಲ ಬಾಗಿಲು ನೂಕಿ, ಗೋಡೆಯ ಮೇಲೆ ಕಣ್ಣಾಡಿಸಿ, ಗೀಸರ್ ಗ್ಯಾಸಿನದೋ ಕರೆಂಟಿನದೋ ಎಂದು ವಿಚಾರಿಸುತ್ತಾರೆ. ಮಾಳಮಡ್ಡಿಯಲ್ಲಿರುವ ನಮ್ಮ ಹಳೆಯ ಮನೆಯ ಎರಡು ಭಾಗಗಳನ್ನು ಇಪ್ಪತ್ತು ವರ್ಷಗಳಿಂದ ಬಾಡಿಗೆಗೆ ಕೊಡುತ್ತ ಬಂದಿರುವ ನಾನು, ಅವುಗಳಲ್ಲಿ ಆರು ವರ್ಷ ‘ಗ್ಯಾಸಿನದು, ಸ್ವಿಚ್ ಹಾಕಿ ಕಾಯುವ ಕೆಲಸವಿಲ್ಲ’ ಎಂದು ತುಸು ಹೆಮ್ಮೆಯಿಂದಲೇ ಉತ್ತರಿಸುತ್ತಿದ್ದೆ. ಆ ಉತ್ತರವನ್ನು ಏಕೆ ಬದಲಿಸಿದೆ ಎಂಬುದನ್ನು ಈ ಚಳಿಗಾಲದಲ್ಲಿ ಗೀಸರ್ ಕೂಡಿಸಲು ಹೊರಟಿರುವ ನನ್ನಂಥ ಮನೆ ಮಾಲೀಕರಿಗೂ ಆ ಮನೆಗಳಲ್ಲಿ ಇರಲಿರುವ ಬಾಡಿಗೆದಾರರಿಗೂ ತಮ್ಮ ಪತ್ರಿಕೆಯ ಮೂಲಕ ತಿಳಿಸಲು ಈ ಪತ್ರ. ಪತ್ರ ಉದ್ದವಾಗಿದೆ. ಅಂಕಣದಲ್ಲಿ ಹಿಡಿಸದಿದ್ದರೆ ಕತ್ತರಿಸುವ ಹಕ್ಕು ತಮ್ಮದು, ಆದರೆ ಲೆಕ್ಕದ ಭಾಗವನ್ನು ಬಿಡಬಾರದೆಂದು ವಿನಂತಿ.

ಮೊದಲಿಗೆ ಗ್ಯಾಸನ್ನೇ ಆರಿಸಿಕೊಳ್ಳಲು ನನಗಿದ್ದ ಕಾರಣಗಳನ್ನು ಮುಚ್ಚಿಡದೆ ಹೇಳಬೇಕು. ನಮ್ಮ ಮನೆಯ ವೈರಿಂಗ್ ತಂದೆಯವರ ಕಾಲದ್ದು. ಕಟ್ಟಿಗೆಯ ಪಟ್ಟಿಯ ಮೇಲೆ ಎಳೆದ ಸಣ್ಣ ವೈರು, ಬಚ್ಚಲಿನಲ್ಲಿ ಒಂದು ದೀಪದ ಹೊರತು ಬೇರೆ ಪಾಯಿಂಟ್ ಇರಲಿಲ್ಲ. ಕರೆಂಟಿನ ಗೀಸರ್ ಹಾಕಬೇಕೆಂದರೆ ಮೀಟರಿನಿಂದ ಬಚ್ಚಲವರೆಗೆ ಹೊಸ ವೈರು ಎಳೆಸಿ, ಅರ್ಥಿಂಗ್ ಮಾಡಿಸಿ, ವಿದ್ಯುತ್ ಸರಬರಾಜು ಕಂಪನಿಯಾದ ಹೆಸ್ಕಾಂಗೆ ಅರ್ಜಿ ಕೊಟ್ಟು ಮಂಜೂರಾದ ಲೋಡನ್ನು ಹೆಚ್ಚಿಸಿಕೊಳ್ಳಬೇಕಿತ್ತು. ಗ್ಯಾಸ್ ಗೀಸರಿಗಾದರೋ ಗೋಡೆಗೆ ಎರಡು ಸ್ಕ್ರೂ, ನೀರಿನದೊಂದು ಪೈಪು, ಗ್ಯಾಸಿನದೊಂದು ಪೈಪು, ಕಿಡಿ ಹಾರಿಸಲು ಟಾರ್ಚಿಗೆ ಹಾಕುವಂಥ ಎರಡು ದಪ್ಪ ಸೆಲ್ಲು. ಅರ್ಧ ದಿನದಲ್ಲಿ ಕೆಲಸ ಮುಗಿದುಹೋಯಿತು. ಸಿಲಿಂಡರಿಗೆ ದುಡ್ಡು ಕೊಡುವವರು ಬಾಡಿಗೆದಾರರಾದ್ದರಿಂದ ನನ್ನ ಕಿಸೆಗೂ ಭಾರವಿಲ್ಲ. ಎಂದರೆ ಆಯ್ಕೆ ನನ್ನದು, ತಿಂಗಳ ಖರ್ಚು ಅವರದು, ಒಳಗೆ ಚಿಲಕ ಹಾಕಿಕೊಂಡು ನಿಲ್ಲುವವರೂ ಅವರೇ. ಸ್ವಂತ ಮನೆಗೆ ಗೀಸರ್ ತರುವಾಗಿನ ವಿಚಾರ ಬಾಡಿಗೆ ಮನೆಗೆ ಸಾಲದು ಎಂಬುದು ನನಗೆ ತಿಳಿಯಲು ಒಂದು ರವಿವಾರ ಬೇಕಾಯಿತು.

ಎರಡು ವರ್ಷದ ಹಿಂದಿನ ಜನವರಿ ತಿಂಗಳು. ನಮ್ಮ ಮನೆಯ ಹಿಂಭಾಗದಲ್ಲಿ ಗಂಡ, ಹೆಂಡತಿ ಮತ್ತು ಎಂಟನೆಯ ಇಯತ್ತೆಯಲ್ಲಿ ಓದುವ ಮಗಳು ಬಾಡಿಗೆಗಿದ್ದರು. ತಲೆಗೆ ಎಣ್ಣೆ ಹಚ್ಚಿಕೊಂಡು ಎರೆದುಕೊಳ್ಳಲು ಹೋದ ಹುಡುಗಿ ಬಹಳ ಹೊತ್ತಾದರೂ ಹೊರಗೆ ಬರಲಿಲ್ಲ. ಅಡುಗೆ ಮನೆಯಲ್ಲಿದ್ದ ತಾಯಿಗೆ ಅನುಮಾನ ಬಂದದ್ದು ಒಂದೇ ಕಾರಣಕ್ಕೆ: ತಂಬಿಗೆಯ ಸಪ್ಪಳ ನಿಂತಿತ್ತು, ನೀರು ಬೀಳುವ ಸಪ್ಪಳ ನಿಂತಿರಲಿಲ್ಲ. ಆಕೆಯ ಕೂಗಿಗೆ ನಾನೂ ಓಡಿದೆ. ಬಚ್ಚಲಿಗೆ ಇದ್ದದ್ದು ಪ್ಲಾಸ್ಟಿಕ್ ಬಾಗಿಲಾದ್ದರಿಂದ ಎರಡನೆಯ ನೂಕಿಗೇ ಚಿಲಕ ಕಿತ್ತು ಬಂತು. ಸಾಗವಾನಿಯ ಬಾಗಿಲಾಗಿದ್ದರೆ ಈ ಪತ್ರವನ್ನು ಬೇರೆ ರೀತಿಯಲ್ಲಿ ಬರೆಯಬೇಕಾಗುತ್ತಿತ್ತು. ಹುಡುಗಿ ಗೋಡೆಗೆ ಒರಗಿ ಕುಸಿದು ಕೂತಿದ್ದಳು, ಕಣ್ಣು ಅರೆ ತೆರೆದಿದ್ದವು, ಮಾತಿರಲಿಲ್ಲ. ಗೋಡೆಯ ಮೇಲೆ ಗೀಸರ್ ಭುಸುಗುಡುತ್ತ ಉರಿಯುತ್ತಲೇ ಇತ್ತು. ಅವಳನ್ನು ಅಂಗಳಕ್ಕೆ ಎತ್ತಿ ತಂದು ಗಾಳಿಗೆ ಮಲಗಿಸಿ, ಗ್ಯಾಸ್ ಬಂದ್ ಮಾಡಿ, ಆಟೋದಲ್ಲಿ ದವಾಖಾನೆಗೆ ಒಯ್ದಾಗ, ಅಲ್ಲಿಯ ಡಾಕ್ಟರು ನಮ್ಮ ಪೂರ್ತಿ ಮಾತು ಕೇಳುವ ಮೊದಲೇ ‘ಬಚ್ಚಲದಾಗ ಗ್ಯಾಸ್ ಗೀಸರ್ ಐತೇನ್ರಿ?’ ಎಂದರು. ಆಮ್ಲಜನಕ ಹಚ್ಚಿದ ಮೇಲೆ ಸಂಜೆಯ ಹೊತ್ತಿಗೆ ಹುಡುಗಿ ಎದ್ದು ಕೂತಳು. ಎರಡು ದಿನ ತಲೆಶೂಲೆ ಬಿಡಲಿಲ್ಲ.

ಮರುದಿನ ಸ್ಟೂಲು ಹಾಕಿಕೊಂಡು ಬಚ್ಚಲಿನ ಗವಾಕ್ಷಿಯನ್ನು ನೋಡಿದೆ. ನಾಲ್ಕು ಗಾಜಿನ ಪಟ್ಟಿಗಳ ಆ ಕಿಂಡಿಗೆ, ಕತ್ತರಿಸಿ ತೊಳೆದು ಹಾಸಿದ ಹಾಲಿನ ಪಾಕೀಟುಗಳನ್ನು ಒಂದರ ಮೇಲೊಂದು ಸೇರಿಸಿ ಟೇಪು ಹಚ್ಚಲಾಗಿತ್ತು, ಅದೂ ಬಹಳ ಅಚ್ಚುಕಟ್ಟಾಗಿ. ‘ಥಂಡಿ ಗಾಳಿ ಭಾಳ ಬರ್ತೈತ್ರಿ ಸರ, ಹುಡುಗಿಗೆ ನೆಗಡಿ ಆಗ್ತೈತಂತ ಮುಚ್ಚಿದ್ದೆ’ ಎಂದು ಆ ತಾಯಿ ಅಳುತ್ತ ಹೇಳಿದರು. ನಾನು ಆಕೆಯನ್ನು ಏನೆಂದು ಬೈಯಲಿ? ಗೀಸರ್ ಕೂಡಿಸಿದವನು ‘ಕಿಟಕಿ ತೆರೆದಿರಲಿ’ ಎಂದು ನನಗೆ ಹೇಳಿ ಹೋಗಿದ್ದ. ನಾನು ಅದನ್ನು ಆಗ ಇದ್ದ ಬಾಡಿಗೆದಾರರಿಗೆ ಹೇಳಿದ್ದೆ. ಅವರು ಬಿಟ್ಟು ಹೋಗಿ, ನಡುವೆ ಇನ್ನೊಂದು ಸಂಸಾರ ಬಂದು ಹೋಗಿ, ಇವರು ಬರುವ ಹೊತ್ತಿಗೆ ಆ ಮಾತು ಎಲ್ಲೋ ಉದುರಿಹೋಗಿತ್ತು. ಚಳಿ ಹೆಚ್ಚಿದಂತೆ ಗೀಸರ್ ಉರಿಯುವ ಹೊತ್ತೂ ಹೆಚ್ಚುತ್ತದೆ, ಅದೇ ಚಳಿಗೆ ಕಿಂಡಿಯೂ ಮುಚ್ಚಿಕೊಳ್ಳುತ್ತದೆ. ಬೇಸಿಗೆಯಲ್ಲಿ ಸುಖವಾಗಿ ನಡೆದ ಯಂತ್ರ ಜನವರಿಯಲ್ಲಿ ಆಪತ್ತು ತರುವುದು ಹೀಗೆ.

ಬಚ್ಚಲಿನೊಳಗೆ ಆಗುವುದೇನು ಎಂಬುದನ್ನು ಲೆಕ್ಕದಲ್ಲಿಟ್ಟು ನೋಡಿದರೆ ಗಾಬರಿಯಾಗುತ್ತದೆ. ನಿಮಿಷಕ್ಕೆ 5–6 ಲೀಟರ್ ನೀರು ಕಾಯಿಸುವ ಸಾಮಾನ್ಯ ಗ್ಯಾಸ್ ಗೀಸರ್ ಪೂರ್ತಿ ಉರಿಯಲ್ಲಿ ನಿಮಿಷಕ್ಕೆ ಸುಮಾರು 15 ಗ್ರಾಂ ಗ್ಯಾಸ್ ಸುಡುತ್ತದೆ. ಅಷ್ಟು ಗ್ಯಾಸ್ ಸರಿಯಾಗಿ ಉರಿಯಲು ಸುಮಾರು 200 ಲೀಟರ್ ಗಾಳಿ ಬೇಕು. ನಾಲ್ಕು ಫೂಟು ಅಗಲ, ಆರು ಫೂಟು ಉದ್ದ, ಎಂಟು ಫೂಟು ಎತ್ತರದ ಬಚ್ಚಲಿನಲ್ಲಿ ಇರುವ ಗಾಳಿಯೇ ಒಟ್ಟು 5,400 ಲೀಟರಿನಷ್ಟು. ಹತ್ತು ನಿಮಿಷ ನಳ ಬಿಟ್ಟುಕೊಂಡು ನಿಂತರೆ ಮೂರನೆಯ ಒಂದು ಪಾಲಿಗಿಂತ ಹೆಚ್ಚು ಗಾಳಿಯಲ್ಲಿರುವ ಆಮ್ಲಜನಕ ಆ ಜ್ವಾಲೆಗೇ ಹೋಯಿತು. ಗಾಳಿ ಸಾಲದಾದಾಗ ಗ್ಯಾಸ್ ಅರೆಬರೆ ಉರಿದು ಕಾರ್ಬನ್ ಮೊನಾಕ್ಸೈಡ್ ಆಗುತ್ತದೆ. ನಮ್ಮ ರಕ್ತದ ಹಿಮೋಗ್ಲೋಬಿನ್ ಆಮ್ಲಜನಕಕ್ಕಿಂತ ಇನ್ನೂರು ಪಟ್ಟಿಗೂ ಹೆಚ್ಚು ಬಲವಾಗಿ ಈ ವಿಷವನ್ನು ಹಿಡಿದುಕೊಳ್ಳುವುದರಿಂದ, ಉಸಿರಾಡುತ್ತಿದ್ದರೂ ಮೈಗೆ ಆಮ್ಲಜನಕ ಸಿಗುವುದಿಲ್ಲ. ಮೊದಲು ತಲೆ ಭಾರ, ಆಮೇಲೆ ತಲೆಸುತ್ತು, ವಾಕರಿಕೆ, ಕಾಲಲ್ಲಿ ಬಲವಿಲ್ಲದಿರುವಿಕೆ. ಚಿಲಕ ತೆಗೆಯಬೇಕೆಂದು ತಿಳಿಯುವ ಹೊತ್ತಿಗೆ ಕೈ ಏಳುವುದಿಲ್ಲ.

ಇಲ್ಲಿ ಒಂದು ತಪ್ಪು ತಿಳಿವಳಿಕೆ ಎಲ್ಲರಲ್ಲೂ ಇದೆ, ನನ್ನಲ್ಲೂ ಇತ್ತು. ಗ್ಯಾಸಿನಿಂದ ಅಪಾಯವೆಂದರೆ ಸೋರಿಕೆ, ಸೋರಿದರೆ ವಾಸನೆ ಬಂದೇ ಬರುತ್ತದೆ ಎಂದು ನಾವು ಧೈರ್ಯವಾಗಿರುತ್ತೇವೆ. ಆ ವಾಸನೆ ಎಲ್‌ಪಿಜಿಯದಲ್ಲ. ಸೋರಿಕೆ ತಿಳಿಯಲೆಂದು ಅದಕ್ಕೆ ಬೆರೆಸುವ ಮರ್ಕ್ಯಾಪ್ಟನ್ ಎಂಬ ರಾಸಾಯನಿಕದ್ದು. ಜ್ವಾಲೆಯಲ್ಲಿ ಅದೂ ಸುಟ್ಟುಹೋಗುತ್ತದೆ. ಉಳಿಯುವ ಕಾರ್ಬನ್ ಮೊನಾಕ್ಸೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ, ಕಣ್ಣು ಉರಿಯುವುದಿಲ್ಲ, ಕೆಮ್ಮು ಬರುವುದಿಲ್ಲ. ಅಡುಗೆ ಮನೆಯಲ್ಲಿ ನಮ್ಮನ್ನು ಕಾಯುವ ಮೂಗು ಬಚ್ಚಲಿನಲ್ಲಿ ಉಪಯೋಗಕ್ಕಿಲ್ಲ.

ನಮ್ಮ ಮನೆಯಲ್ಲಿ ಮೊದಲು ತಾಮ್ರದ ಹಂಡೆ ಇತ್ತು. ಒಲೆಯ ಬಾಯಿ ಹಿತ್ತಲಿನ ಕಡೆಗೆ, ಹಂಡೆಯ ಬಾಯಿ ಬಚ್ಚಲಿನ ಕಡೆಗೆ. ಕಟ್ಟಿಗೆ ಒಟ್ಟುವವರು ಹೊರಗೆ, ಮೀಯುವವರು ಒಳಗೆ, ಮೇಲೆ ಮಂಗಳೂರು ಹಂಚಿನ ಸಂದಿಗೊಂದಿಯ ಮಾಡು. ಹೊಗೆಯ ಕಾಟಕ್ಕೆಂದು ಹಿರಿಯರು ಹಾಗೆ ಕಟ್ಟಿದ್ದರೋ ಏನೋ, ಬೆಂಕಿ ಮಾತ್ರ ಬಚ್ಚಲಿನ ಹೊರಗಿತ್ತು. ನಾವು ಹಂಚು ತೆಗೆದು ಸ್ಲ್ಯಾಬ್ ಹಾಕಿದೆವು, ಗೋಡೆಗೆ ಮಾಡಿನವರೆಗೆ ಟೈಲ್ಸ್ ಹಚ್ಚಿದೆವು, ಕೊನೆಗೆ ಬೆಂಕಿಯನ್ನು ತಂದು ತಲೆಯ ಮಟ್ಟಕ್ಕೆ ತೂಗುಹಾಕಿದೆವು.

ಎಕ್ಸಾಸ್ಟ್ ಫ್ಯಾನ್ ಹಾಕಿದರೆ ಮುಗಿಯಿತಲ್ಲ ಎಂದು ಕೆಲವು ಮಿತ್ರರು ಹೇಳಿದರು. ಒಳಗೆ ಗಾಳಿ ಬರಲು ದಾರಿಯಿಲ್ಲದೆ ಹೊರಗೆ ಎಳೆಯುವ ಫ್ಯಾನು ಒಂದೇ ಇದ್ದರೆ ಪ್ರಯೋಜನ ಕಡಿಮೆ; ಬಾಗಿಲಿನ ಕೆಳಗೆ ಸಂದಿ ಬೇಕು, ಮೇಲೆ ಮುಚ್ಚಲಾಗದ ಜಾಲಂದ್ರ ಬೇಕು, ಕರೆಂಟು ಹೋದಾಗ ಫ್ಯಾನು ನಿಂತರೂ ಗೀಸರ್ ಸೆಲ್ಲಿನ ಮೇಲೆ ಉರಿಯುತ್ತಲೇ ಇರುತ್ತದೆ. ಇನ್ನೊಂದು ಸಲಹೆ, ಬಾಗಿಲು ತೆರೆದಿಟ್ಟು ಬಕೆಟ್ಟು ತುಂಬಿಸಿಕೊಂಡು, ಗೀಸರ್ ಆರಿಸಿ, ಆಮೇಲೆ ಚಿಲಕ ಹಾಕಿಕೊಳ್ಳುವುದು. ಇದು ನಿಜಕ್ಕೂ ಒಳ್ಳೆಯ ರೂಢಿ, ಈಗಾಗಲೇ ಗ್ಯಾಸ್ ಗೀಸರ್ ಇರುವ ಮನೆಯವರು ಇಂದಿನಿಂದಲೇ ಪಾಲಿಸಬೇಕಾದದ್ದು. ಆದರೆ ಬಾಡಿಗೆದಾರರ ಮನೆಗೆ ಬಂದ ಬೀಗರು, ಪರೀಕ್ಷೆಗೆಂದು ಊರಿನಿಂದ ಬಂದು ಎರಡು ದಿನ ಇಳಿದುಕೊಂಡ ಹುಡುಗ ಇವರಿಗೆಲ್ಲ ಯಾರು ಹೇಳಬೇಕು? ಮನೆ ಕೊಟ್ಟ ಮೇಲೆ ಮಾಲೀಕನಾದವನು ಬಚ್ಚಲಿಗೆ ಇಣುಕಿ ನೋಡುವಂತಿಲ್ಲ, ನೋಡಲೂಬಾರದು. ಆದ್ದರಿಂದ, ಕಿಟಕಿಯನ್ನು ಬೇರೊಬ್ಬರು ಹೇಗಿಟ್ಟುಕೊಳ್ಳುತ್ತಾರೆ ಎಂಬುದರ ಮೇಲೆ ಪ್ರಾಣ ನಿಂತಿರುವ ಯಂತ್ರವನ್ನು ಬಾಡಿಗೆ ಮನೆಯಲ್ಲಿ ಕೂಡಿಸಬಾರದು ಎಂಬುದು ನನ್ನ ಖಚಿತ ಅಭಿಪ್ರಾಯ. ಕರೆಂಟಿನ ಗೀಸರಿನಲ್ಲೂ ಅಪಾಯವಿದೆ. ಆದರೆ ಅದನ್ನು ತಡೆಯುವ ಸಾಧನಗಳಾದ ವೈರು, ಅರ್ಥಿಂಗ್, ಸ್ವಿಚ್‌ಬೋರ್ಡು ಬಚ್ಚಲಿನ ಹೊರಗಿರುತ್ತವೆ, ಅವುಗಳನ್ನು ಮಾಲೀಕನೇ ಮಾಡಿಸಬಹುದು, ವರ್ಷಕ್ಕೊಮ್ಮೆ ಪರೀಕ್ಷಿಸಲೂಬಹುದು.

ಇನ್ನು ದುಡ್ಡಿನ ಮಾತು. ಗ್ಯಾಸೇ ಅಗ್ಗ ಎಂಬುದನ್ನು ನಾನೂ ಲೆಕ್ಕ ಮಾಡದೆ ನಂಬಿದ್ದೆ. ಒಬ್ಬರ ಸ್ನಾನಕ್ಕೆ 20 ಲೀಟರ್ ನೀರು, 22 ಡಿಗ್ರಿಯಿಂದ 42 ಡಿಗ್ರಿಗೆ ಕಾಯಿಸಬೇಕು ಎಂದು ಹಿಡಿಯಿರಿ. ಅದಕ್ಕೆ ಬೇಕಾಗುವ ಶಾಖ 400 ಕಿಲೋಕ್ಯಾಲರಿ. ಒಂದು ಯೂನಿಟ್ ವಿದ್ಯುತ್ತೆಂದರೆ 860 ಕಿಲೋಕ್ಯಾಲರಿ. ಗೀಸರಿನ ಟ್ಯಾಂಕಿನಿಂದ ಆರಿ ಹೋಗುವ ಶಾಖವನ್ನೂ ಸೇರಿಸಿದರೆ ಒಂದು ಸ್ನಾನಕ್ಕೆ ಅರ್ಧ ಯೂನಿಟ್. ನಾಲ್ಕು ಜನರ ಮನೆಗೆ ದಿನಕ್ಕೆ 2, ತಿಂಗಳಿಗೆ 60 ಯೂನಿಟ್. ತೆರಿಗೆಯೆಲ್ಲ ಸೇರಿ ಯೂನಿಟ್ಟಿಗೆ 7 ರೂಪಾಯಿಯಂತೆ ಹಿಡಿದರೆ 420 ರೂಪಾಯಿ. ಗ್ಯಾಸಿನಲ್ಲಾದರೆ, ಒಂದು ಕೆ.ಜಿ.ಗೆ ಸುಮಾರು 11,000 ಕಿಲೋಕ್ಯಾಲರಿ ಇದ್ದು ಅದರಲ್ಲಿ ಶೇ 80ರಷ್ಟು ನೀರಿಗೆ ಸೇರುತ್ತದೆಂದುಕೊಂಡರೆ, ಒಂದು ಸ್ನಾನಕ್ಕೆ 45 ಗ್ರಾಂ, ತಿಂಗಳಿಗೆ ಹತ್ತಿರ ಹತ್ತಿರ ಐದೂವರೆ ಕೆ.ಜಿ. 14.2 ಕೆ.ಜಿ.ಯ ಸಿಲಿಂಡರಿಗೆ 900 ರೂಪಾಯಿಯಂತೆ ಅದು 350 ರೂಪಾಯಿಯ ಆಸುಪಾಸು. ಉಳಿತಾಯ ತಿಂಗಳಿಗೆ 70 ರೂಪಾಯಿ, ಒಬ್ಬರಿಗೆ 20 ರೂಪಾಯಿಗಿಂತ ಕಡಿಮೆ. ಬಕೆಟ್ಟು ತುಂಬಿದ ಮೇಲೂ ನಳ ಬಿಟ್ಟುಕೊಂಡೇ ನಿಲ್ಲುವ ಅಭ್ಯಾಸವಿದ್ದರೆ ಆ 70 ರೂಪಾಯಿಯೂ ಉಳಿಯುವುದಿಲ್ಲ, ಏಕೆಂದರೆ ಗ್ಯಾಸ್ ಗೀಸರಿಗೆ ‘ನೀರು ಮುಗಿಯಿತು’ ಎಂಬುದೇ ಇಲ್ಲ.

ಹಾಗಿದ್ದರೆ ಬಾಡಿಗೆದಾರರು ಗ್ಯಾಸೇ ಇರಲಿ ಎಂದು ಈಗ ಹೆಚ್ಚು ಒತ್ತಾಯಿಸುತ್ತಿರುವುದೇಕೆ? ಇದಕ್ಕೆ ಕಾರಣ ಗೃಹಜ್ಯೋತಿ ಯೋಜನೆಯ ಲೆಕ್ಕ ಎಂದು ನನಗೆ ಅನ್ನಿಸುತ್ತದೆ. 2023ರ ಜುಲೈನಿಂದ ಜಾರಿಗೆ ಬಂದ ಈ ಯೋಜನೆಯಲ್ಲಿ 200 ಯೂನಿಟ್ ಎಲ್ಲರಿಗೂ ಉಚಿತ ಎಂದು ಅನೇಕರು ತಿಳಿದಿದ್ದಾರೆ. ಹಾಗಿಲ್ಲ. ಆ ಮೀಟರಿನ 2022–23ನೆಯ ಸಾಲಿನ ಸರಾಸರಿ ಬಳಕೆಗೆ ಶೇ 10 ಸೇರಿಸಿದಷ್ಟು ಮಾತ್ರ ಉಚಿತ. ತಿಂಗಳಿಗೆ 48 ಯೂನಿಟ್ಟಿನೊಳಗೆ ಬಳಸುವವರಿಗೆ ಆಮೇಲೆ ಶೇ 10ರ ಬದಲು 10 ಯೂನಿಟ್ ಎಂದು ಮಾಡಲಾಯಿತು. ಅದಕ್ಕಿಂತ ಹೆಚ್ಚಾದದ್ದಕ್ಕೆ ದುಡ್ಡು ಕಟ್ಟಬೇಕು, 200 ದಾಟಿದರೆ ಪೂರ್ತಿ ಬಿಲ್ಲು ಕಟ್ಟಬೇಕು. ಈಗ ನಮ್ಮ ಹಿಂಭಾಗದ ಮನೆಯನ್ನೇ ನೋಡಿ. ಆ ವರ್ಷ ಅಲ್ಲಿ ಗ್ಯಾಸ್ ಗೀಸರ್ ಇತ್ತು, ಆದ್ದರಿಂದ ಸರಾಸರಿ ತೀರ ಕಡಿಮೆ. ಅಲ್ಲಿಗೆ ಕರೆಂಟಿನ ಗೀಸರ್ ಬಂದ ಕೂಡಲೇ ಆ 60 ಯೂನಿಟ್ಟಿನಲ್ಲಿ ಬಹುಪಾಲು ಉಚಿತದ ಗೆರೆಯ ಆಚೆಗೆ ಬೀಳುತ್ತದೆ. ಸೊನ್ನೆ ಬಿಲ್ಲಿಗೆ ಒಗ್ಗಿಕೊಂಡವರಿಗೆ 400 ರೂಪಾಯಿಯ ಬಿಲ್ಲು ಕಣ್ಣಿಗೆ ಕುಕ್ಕುತ್ತದೆ. ಸಿಲಿಂಡರಿಗೆ ಕೊಟ್ಟ 350 ರೂಪಾಯಿ ಅಡುಗೆಯ ಖರ್ಚಿನಲ್ಲಿ ಸೇರಿಹೋಗಿ ಕಾಣುವುದಿಲ್ಲ. ಅದೇ 2022–23ರಲ್ಲಿ ಕರೆಂಟಿನ ಗೀಸರ್ ಬಳಸಿದ ಮೀಟರಿನ ಮನೆಗೆ ಹೋದ ಬಾಡಿಗೆದಾರರಿಗೆ ಬಿಸಿನೀರು ಬಹುತೇಕ ಪುಕ್ಕಟೆ. ಮನೆ ಹಿಡಿಯುವ ಮೊದಲು ಹಳೆಯ ಬಿಲ್ಲು ಕೇಳಿ ನೋಡುವುದು ಬಾಡಿಗೆದಾರರ ಹಿತಕ್ಕೆ ಒಳ್ಳೆಯದು. ಹಾಗೆಯೇ, ಮೂರು ನಾಲ್ಕು ಭಾಗಗಳಿಗೆ ಒಂದೇ ಮೀಟರ್ ಇಟ್ಟು, ಒಳಗೆ ಸಬ್ ಮೀಟರ್ ಹಾಕಿ, ತಮಗೆ ತೋಚಿದ ದರದಲ್ಲಿ ವಸೂಲು ಮಾಡುವ ಮಾಲೀಕರು ಬಾಡಿಗೆದಾರರನ್ನು ತಾವೇ ಗ್ಯಾಸಿನ ಕಡೆಗೆ ನೂಕುತ್ತಿದ್ದಾರೆ ಎಂಬುದನ್ನೂ ಹೇಳದೆ ಇರಲಾರೆ.

ಕರೆಂಟಿನ ಗೀಸರ್ ಎಂದ ಮಾತ್ರಕ್ಕೆ ಅಂಗಡಿಯಿಂದ ತಂದು ಗೋಡೆಗೆ ತಗುಲಿಸಿದರೆ ಆಯಿತು ಎಂದು ಯಾರೂ ತಿಳಿಯಬಾರದು. 2 ಕಿಲೋವ್ಯಾಟಿನ ಗೀಸರ್ ಒಂಬತ್ತು ಆಂಪಿಯರಿನ ಹತ್ತಿರ ಕರೆಂಟು ಎಳೆಯುತ್ತದೆ, 3 ಕಿಲೋವ್ಯಾಟಿನದು 13 ಆಂಪಿಯರ್. ಇದು ದೀಪದ ವೈರಿನ ಕೆಲಸವಲ್ಲ. ನಾನು ಮೀಟರ್ ಬೋರ್ಡಿನಿಂದ ನೇರವಾಗಿ 4 ಚದರ ಮಿಲಿಮೀಟರಿನ ತಾಮ್ರದ ವೈರು ಎಳೆಸಿ, ಕರೆಂಟು ಮಿತಿ ಮೀರಿದರೆ ತಾನೇ ಬಂದ್ ಆಗುವ ಎಂಸಿಬಿಯನ್ನು ಅದಕ್ಕೇ ಬೇರೆ ಹಾಕಿಸಿ, 16 ಆಂಪಿಯರಿನ ಸ್ವಿಚ್ಚನ್ನು ಬಚ್ಚಲಿನ ಹೊರಗೆ ಕೂಡಿಸಿದೆ. ಅದಕ್ಕಿಂತ ಮುಖ್ಯವಾದದ್ದು ಆರ್‌ಸಿಸಿಬಿ ಎಂಬ ಸಣ್ಣ ಪೆಟ್ಟಿಗೆ. ಕರೆಂಟು ನೀರಿನಲ್ಲೋ ಮನುಷ್ಯನ ಮೈಯಲ್ಲೋ ಸೋರಿ 30 ಮಿಲಿ ಆಂಪಿಯರಿನಷ್ಟು ವ್ಯತ್ಯಾಸ ಬಂದರೂ ಕಣ್ಣು ಮಿಟುಕಿಸುವಷ್ಟರಲ್ಲಿ ಅದು ಲೈನನ್ನು ಕಡಿದುಬಿಡುತ್ತದೆ. ಎಂಸಿಬಿ ವೈರನ್ನು ಕಾಯುತ್ತದೆ, ಮನುಷ್ಯನನ್ನು ಕಾಯುವುದು ಆರ್‌ಸಿಸಿಬಿ. ಇದರ ಹೆಸರು ಕೇಳಿದರೆ ‘ಅದೇನೂ ಬೇಕಾಗಿಲ್ರಿ, ಸುಮ್ನ ಟ್ರಿಪ್ ಆಗಿ ಕಾಡ್ತೈತಿ’ ಎನ್ನುವ ವೈರಮನ್‌ಗಳಿದ್ದಾರೆ. ಅದು ಸಾಮಾನ್ಯವಾಗಿ ಸುಮ್ಮನೆ ಟ್ರಿಪ್ ಆಗುವುದಿಲ್ಲ. ಹೆಚ್ಚಾಗಿ ಎಲ್ಲೋ ಸೋರುತ್ತಿದೆ ಎಂದೇ ಟ್ರಿಪ್ ಆಗುತ್ತದೆ.

ಅರ್ಥಿಂಗ್ ವಿಷಯದಲ್ಲಿ ನಮ್ಮ ಭಾಗದ ಮಣ್ಣಿನದೇ ಒಂದು ಸಮಸ್ಯೆ ಇದೆ. ಹುಬ್ಬಳ್ಳಿ, ನವಲಗುಂದ, ಗದಗ ಕಡೆಯ ಎರೆಮಣ್ಣು ಹಸಿಯಿದ್ದಾಗ ಕರೆಂಟನ್ನು ಚೆನ್ನಾಗಿ ಭೂಮಿಗೆ ಒಯ್ಯುತ್ತದೆ, ಬೇಸಿಗೆಯಲ್ಲಿ ಒಣಗಿ ಬಿರುಕು ಬಿಟ್ಟಿತೆಂದರೆ ಹೂತಿಟ್ಟ ಪೈಪಿಗೂ ಮಣ್ಣಿಗೂ ನಡುವೆ ಸಂದಿ ಬೀಳುತ್ತದೆ. ಮಳೆಗಾಲದಲ್ಲಿ ಪರೀಕ್ಷೆ ಮಾಡಿ ‘ಚಲೋ ಐತಿ’ ಎಂದು ಹೋದ ಅರ್ಥಿಂಗ್ ಏಪ್ರಿಲ್‌ನಲ್ಲಿ ಹೆಸರಿಗೆ ಮಾತ್ರ ಇರುತ್ತದೆ. ಗುಂಡಿಗೆ ಇದ್ದಿಲು, ಉಪ್ಪು ತುಂಬಿಸಿ, ಬೇಸಿಗೆಯಲ್ಲಿ ವಾರಕ್ಕೆ ಒಂದೆರಡು ಕೊಡ ನೀರು ಹಾಕುವುದು ಮಾಲೀಕನ ಕೆಲಸವೆಂದು ನಾನು ಮಾಡಿಕೊಂಡಿದ್ದೇನೆ. ಬೋರಿನ ಗಡಸು ನೀರು ಬಳಸುವ ಬಡಾವಣೆಗಳಲ್ಲಿ ಇನ್ನೊಂದು ತೊಂದರೆ: ಕಾಯುವ ಎಲಿಮೆಂಟಿನ ಮೇಲೆ ಸುಣ್ಣದಂಥ ಬಿಳಿ ಪದರ ಕಟ್ಟಿಕೊಂಡು ನೀರು ತಡವಾಗಿ ಕಾಯುತ್ತದೆ, ಬಿಲ್ಲು ಏರುತ್ತದೆ, ಕೊನೆಗೊಂದು ದಿನ ಎಲಿಮೆಂಟ್ ಒಡೆಯುತ್ತದೆ. ವರ್ಷಕ್ಕೊಮ್ಮೆ ಬಿಚ್ಚಿಸಿ ತೊಳೆಸಿದರೆ ಸಾಕು. ನಾಲ್ಕು ಜನರ ಮನೆಗೆ 15 ಲೀಟರಿನ ಟ್ಯಾಂಕು ಸಾಲದು ಎಂಬುದೂ ಅನುಭವದಿಂದ ಕಲಿತದ್ದು. ಅದು ಒಮ್ಮೆ ಕಾಯಲು ಇಪ್ಪತ್ತು ನಿಮಿಷ ಹಿಡಿದು ಒಂದೂವರೆ ಜನರ ಸ್ನಾನಕ್ಕೆ ಆಗುತ್ತದೆ, ಶಾಲೆ ಮತ್ತು ಆಫೀಸಿನ ಗಡಿಬಿಡಿಯಲ್ಲಿ ಜಗಳಕ್ಕೆ ಕಾರಣವಾಗುತ್ತದೆ. 25 ಲೀಟರಿನದನ್ನು ಹಾಕಿಸಿದ ಮೇಲೆ ಆ ತಕರಾರು ನಿಂತಿತು.

ಎರಡೂ ಬೇಡ, ಬಾಡಿಗೆದಾರರು ಬೇಕಾದ್ದು ಹಾಕಿಕೊಳ್ಳಲಿ ಎಂದು ಕೈತೊಳೆದುಕೊಳ್ಳುವ ಮಾಲೀಕರು ಬಹಳ ಜನ. ಅವರ ಮನೆಗಳಲ್ಲಿ ಇರುವುದು ಬಕೆಟ್ಟಿನ ನೀರಿನಲ್ಲಿ ಇಳಿಬಿಟ್ಟು ಕಾಯಿಸುವ ಕರೆಂಟಿನ ಕಾಯಿಲ್. ಸಪ್ತಾಪುರದ ಸುತ್ತ ಸ್ಪರ್ಧಾತ್ಮಕ ಪರೀಕ್ಷೆಗೆ ಓದುವ ಹುಡುಗರು ಕೋಣೆ ಹಿಡಿದಿರುವ ಕಡೆ ಒಮ್ಮೆ ಬೆಳಿಗ್ಗೆ ಆರಕ್ಕೆ ಹೋಗಿ ನೋಡಬೇಕು. ಐದು ಆಂಪಿಯರಿನ ಪ್ಲಗ್ಗಿಗೆ ಎಕ್ಸ್‌ಟೆನ್ಷನ್ ಬೋರ್ಡು, ಅದಕ್ಕೆ ಕಾಯಿಲ್, ಕೆಳಗೆ ಬಕೆಟ್ಟು, ಕೈಯಲ್ಲಿ ನೋಟ್ಸು. ನೀರು ಬಿಸಿಯಾಯಿತೋ ಇಲ್ಲವೋ ಎಂದು ಸ್ವಿಚ್ ಆರಿಸದೆ ಬೆರಳು ಅದ್ದಿ ನೋಡುವವರು ಒಬ್ಬಿಬ್ಬರಲ್ಲ. ಕೋಣೆಯಲ್ಲಿ ಕಾಯಿಲ್ ಬಳಸಬಾರದೆಂದು ಬಾಗಿಲಿಗೆ ಚೀಟಿ ಅಂಟಿಸಿ, ಬಿಸಿನೀರಿನ ಬೇರೆ ವ್ಯವಸ್ಥೆ ಮಾಡದಿದ್ದರೆ ಆ ಚೀಟಿಗೆ ಏನು ಅರ್ಥ?

ಗ್ಯಾಸನ್ನು ಪೂರ್ತಿ ನಿಷೇಧಿಸಿ ಎಂದು ನಾನು ಕೇಳುತ್ತಿಲ್ಲ. ಹಿತ್ತಲೋ ತೆರೆದ ಪಡಸಾಲೆಯೋ ಇರುವ ಮನೆಯಲ್ಲಿ ಗೀಸರನ್ನು ಬಚ್ಚಲಿನ ಹೊರಗೋಡೆಗೆ, ಮಳೆ ಬೀಳದಂತೆ ಮರೆ ಮಾಡಿ ಕೂಡಿಸಿ, ಬಿಸಿನೀರಿನ ಪೈಪನ್ನು ಮಾತ್ರ ಒಳಗೆ ತಂದರೆ ಬೆಂಕಿ ತನ್ನ ಹಳೆಯ ಜಾಗಕ್ಕೇ ಹೋದಂತಾಗುತ್ತದೆ. ಐಎಸ್ 15558 ಎಂಬ ಮಾನಕದ ಗುರುತಿರುವ ಯಂತ್ರವನ್ನೇ ಕೊಳ್ಳಬೇಕು. ಸಿಲಿಂಡರನ್ನು ಬಚ್ಚಲೊಳಗೆ ಇಡಲೇಬಾರದು. ಎಲ್‌ಪಿಜಿ ಗಾಳಿಗಿಂತ ಭಾರವಾದ್ದರಿಂದ ಸೋರಿದರೆ ನೆಲದ ಮಟ್ಟದಲ್ಲಿ, ಮೋರಿಯಲ್ಲಿ ತಂಗುತ್ತದೆ. ಸೋರಿಕೆಗೆ 1906 ಸಂಖ್ಯೆಗೆ ಕರೆ ಮಾಡಬಹುದೆಂಬುದು ಪ್ರತಿ ಅಡುಗೆ ಮನೆಯ ಗೋಡೆಯ ಮೇಲೆ ಬರೆದಿರಬೇಕು. ಅವಳಿ ನಗರದ ಕೆಲವು ಬಡಾವಣೆಗಳಿಗೆ ಪೈಪಿನ ಗ್ಯಾಸ್ ಬರುತ್ತಿದೆ. ಅದು ಹಗುರವಾದ ಬೇರೆಯೇ ಅನಿಲ. ಸಿಲಿಂಡರಿನ ಗೀಸರನ್ನು, ಗ್ಯಾಸ್ ಹೊರಬರುವ ಸಣ್ಣ ತೂತಿನ ಜೆಟ್ ಬದಲಿಸದೆ ಅದಕ್ಕೆ ಜೋಡಿಸುವಂತಿಲ್ಲ, ಬಚ್ಚಲಿನ ಗಾಳಿಯ ಲೆಕ್ಕವಂತೂ ಅದರಿಂದ ಬದಲಾಗುವುದಿಲ್ಲ. ಸೋಲಾರ್ ಹಾಕಿಸಿಕೊಳ್ಳಲು ಮಾಳಿಗೆ ಇರುವವರು ಹಾಕಿಸಿಕೊಳ್ಳಲಿ. ಧಾರವಾಡದ ಜುಲೈ–ಆಗಸ್ಟ್‌ನ ಜಿಟಿಜಿಟಿ ಮಳೆಯಲ್ಲಿ ಅದಕ್ಕೂ ಕರೆಂಟಿನ ಆಸರೆ ಬೇಕೇ ಬೇಕು.

ನನ್ನ ವಿನಂತಿ ಎರಡು. ಹುಬ್ಬಳ್ಳಿ–ಧಾರವಾಡ ಮಹಾನಗರ ಪಾಲಿಕೆಯವರು ಕಟ್ಟಡ ಪರವಾನಗಿ ಕೊಡುವಾಗ ನಕ್ಷೆಯಲ್ಲಿ ಪ್ರತಿ ಬಚ್ಚಲಿಗೂ ಮುಚ್ಚಲಾಗದ ಜಾಲಂದ್ರ ಮತ್ತು ಅರ್ಥಿಂಗ್ ಸಹಿತವಾದ 16 ಆಂಪಿಯರ್ ಪಾಯಿಂಟ್ ತೋರಿಸುವುದನ್ನು ಕಡ್ಡಾಯ ಮಾಡಲಿ. ಗೋಡೆ ಏಳುವಾಗ ಇದಕ್ಕೆ ತಗಲುವ ಖರ್ಚು ಅಲ್ಪ, ಟೈಲ್ಸ್ ಹಚ್ಚಿದ ಮೇಲೆ ಒಡೆಸುವಾಗಲೇ ಭಾರ. ಎರಡನೆಯದು ಮಾಲೀಕರಿಗೆ ಮತ್ತು ಬಾಡಿಗೆದಾರರಿಗೆ. ನಾವು 11 ತಿಂಗಳ ಕರಾರುಪತ್ರದಲ್ಲಿ ಸುಣ್ಣ ಬಣ್ಣಕ್ಕೆ ಯಾರು ಕೊಡಬೇಕು, ಮೊಳೆ ಹೊಡೆಯಬಹುದೇ ಎಂಬುದನ್ನೆಲ್ಲ ಬರೆಸುತ್ತೇವೆ. ಗೀಸರ್ ಯಾವುದು, ಎಲ್ಲಿದೆ, ಅದನ್ನು ಕೊನೆಯ ಬಾರಿ ತಪಾಸಣೆ ಮಾಡಿಸಿದ್ದು ಯಾವಾಗ ಎಂಬ ಮೂರು ಸಾಲನ್ನೂ ಅದರಲ್ಲಿ ಸೇರಿಸೋಣ. ಈ ಸಾಲುಗಳನ್ನು ಕೇಳುವ ಬಾಡಿಗೆದಾರರನ್ನು ‘ತಕರಾರಿನವರು’ ಎಂದು ತಿರುಗಿಸಿ ಕಳಿಸಬಾರದು.

ಆ ಸಂಸಾರ ಈಗಲೂ ನಮ್ಮ ಹಿಂಭಾಗದಲ್ಲೇ ಇದೆ, ಹುಡುಗಿ ಹತ್ತನೆಯ ಇಯತ್ತೆಗೆ ಬಂದಿದ್ದಾಳೆ. ಕರೆಂಟಿನ ಗೀಸರ್ ಹಾಕಿಸಿದ್ದಕ್ಕೆ ನಾನು ಬಾಡಿಗೆ ಏರಿಸಲಿಲ್ಲ, ಅವರು ಏರಿದ ಬಿಲ್ಲಿಗೆ ಬೇಸರಿಸಲಿಲ್ಲ. ಗೋಡೆಯಿಂದ ಇಳಿಸಿದ ಗ್ಯಾಸ್ ಗೀಸರ್ ಒಂದು ವರ್ಷ ಅಟ್ಟದ ಮೇಲಿತ್ತು. ಕಳೆದ ತಿಂಗಳು ಗುಜರಿಯವನು ಬಂದು ತಿರುವಿ ನೋಡಿ, ‘ಚಾಲೂ ಐತೇನ್ರಿ?’ ಎಂದು ಕೇಳಿದ. ಐತಿ ಎಂದೆ. ಹಾಗಾದರೆ ಮುನ್ನೂರು ರೂಪಾಯಿ, ಇಲ್ಲದಿದ್ದರೆ ತೂಕಕ್ಕೆ ಎಂದ. ಚಾಲೂ ಇರುವ ಗೀಸರ್ ಅವನ ಕೈಯಿಂದ ಯಾವ ಬಚ್ಚಲಿಗೆ ಹೋಗುತ್ತದೆಂದು ನನಗೆ ಗೊತ್ತಿತ್ತು. ಒಳಗೆ ಹೋಗಿ ಪಕ್ಕಡ ತಂದು, ಬರ್ನರ್ ಬಿಚ್ಚಿ ಬಗ್ಗಿಸಿ, ತೂಕಕ್ಕೆ ಹಾಕಿದೆ.

ಇತಿ ತಮ್ಮ ವಿಶ್ವಾಸಿ,
ಒಬ್ಬ ನಿವೃತ್ತ ಶಿಕ್ಷಕ,
ಮಾಳಮಡ್ಡಿ, ಧಾರವಾಡ